ಬಿಚ್ಚಲು ಬಾರದ ವಸ್ತುಗಳು

ಕನ್ನಡ ನಾಡಿನ ಹಳೆಯ ಶಾಸನಗಳನ್ನು ಓದುವವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಮುರಿದುದು ಖಂಡ, ಬಿರಿದುದು ಸ್ಫುಟಿತ, ಕಾಲದಿಂದ ಸವೆದುದು ಜೀರ್ಣ. ಇವನ್ನು ಮತ್ತೆ ಎತ್ತಿ ನಿಲ್ಲಿಸುವುದು ಉದ್ಧಾರ. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ದತ್ತಿಯಾಗಿ ಬಿಡುವಾಗ ದಾನಿಗಳು ಪೂಜೆಗೆ, ನೈವೇದ್ಯಕ್ಕೆ, ನಂದಾದೀವಿಗೆಗೆ ಎಂದು ಹೇಳುವುದರ ಜೊತೆಗೆ ಈ ಕೆಲಸಕ್ಕೂ ಎಂದು ಹೇಳಿ ಕಲ್ಲಿನಲ್ಲಿ ಬರೆಸುತ್ತಿದ್ದರು. ಕಟ್ಟಡವನ್ನು ಎಬ್ಬಿಸಿದ ಸಂಭ್ರಮದಲ್ಲಿಯೇ ಅದು ಒಂದಲ್ಲ ಒಂದು ದಿನ ಬಿರಿಯುತ್ತದೆಂಬುದನ್ನು ನೆನೆದು, ಅದಕ್ಕೊಂದು ವ್ಯವಸ್ಥೆ ಮಾಡಿಡುವ ವಿವೇಕ ಅದು. ಸಿರ್ಸಿ ತಾಲೂಕಿನ ಬನವಾಸಿಯ ಮಧುಕೇಶ್ವರ ದೇವಾಲಯವನ್ನು ನೋಡಿದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಅದು ಒಂದೇ ಕಾಲದ ಕಟ್ಟಡವಲ್ಲ. ಪ್ರಾಚೀನವಾದ ಗರ್ಭಗೃಹಕ್ಕೆ ಚಾಲುಕ್ಯರ ಕಾಲದ ಮಂಟಪ ಕೂಡಿಕೊಂಡಿದೆ. ಸೋದೆಯ ಅರಸರ ಕಾಲದ ಸೇರ್ಪಡೆಗಳೂ ಇವೆ. ಹೀಗೆ ಮುಂದಿನವರು ಕೈಯಾಡಿಸಲು ಎಡೆಯಿದ್ದುದರಿಂದಲೇ ಅದು ಇಂದಿನವರೆಗೆ ಉಳಿದು ಬಂದಿತು.

ಇಷ್ಟು ದೊಡ್ಡ ಮಾತಿನಿಂದ ಆರಂಭಿಸಿ ಬಹಳ ಸಣ್ಣದೊಂದು ವಸ್ತುವಿಗೆ ಇಳಿಯುತ್ತೇನೆ, ಕೇಳುಗರು ಮನ್ನಿಸಬೇಕು. ಕಳೆದ ಮಳೆಗಾಲದಲ್ಲಿ ನನ್ನ ಬಳಿಯಿದ್ದ ತಂತಿಯಿಲ್ಲದ ಇಯರ್‌ಫೋನುಗಳ ಜೋಡಿಯಲ್ಲಿ ಒಂದು ಮೂಕವಾಯಿತು. ಕೊಂಡು ಎರಡು ವರ್ಷವಾಗಿತ್ತು. ಮೊದಲು ನಾಲ್ಕು ತಾಸು ನುಡಿಯುತ್ತಿದ್ದುದು ಬರಬರುತ್ತ ಒಂದು ತಾಸಿಗೆ ಇಳಿದು, ಆಮೇಲೆ ಹತ್ತು ನಿಮಿಷಕ್ಕೆ ಬಂದು, ಕೊನೆಗೆ ನಿಂತೇಹೋಯಿತು. ಸಿರ್ಸಿಯ ಪೇಟೆಯಲ್ಲಿ ಮೊಬೈಲು ರಿಪೇರಿ ಮಾಡುವ ತರುಣನೊಬ್ಬನ ಮುಂದೆ ಅದನ್ನಿಟ್ಟೆ. ಆತ ಬೆಳಕಿಗೆ ಹಿಡಿದು, ಸುತ್ತಲೂ ತಿರುಗಿಸಿ ನೋಡಿದ. “ಸರ್, ಇದಕ್ಕೆ ಸ್ಕ್ರೂನೇ ಇಲ್ಲ, ಎಲ್ಲಿಂದ ಬಿಚ್ಚೋದು?” ಎಂದ. ಸ್ವಲ್ಪ ತಡೆದು, “ಒಳಗಿನ ಸೆಲ್ಲು ಸತ್ತಿದೆ, ಅಷ್ಟೇ. ಉಳಿದದ್ದೆಲ್ಲ ಸರಿಯಿದೆ. ಆದ್ರೆ ಬಿಚ್ಚಿದ್ರೆ ಒಡೆದುಹೋಗ್ತದೆ. ಹೊಸದೇ ತಗೊಳ್ಳಿ” ಎಂದ.

ಉಳಿದದ್ದೆಲ್ಲ ಸರಿಯಿದೆ ಎಂಬ ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಸರಿಯಿರುವುದನ್ನೆಲ್ಲ ಎಸೆಯಬೇಕು, ಏಕೆಂದರೆ ಸತ್ತಿರುವ ಒಂದು ಗುಂಡಿಯಷ್ಟು ದೊಡ್ಡ ಸೆಲ್ಲನ್ನು ಹೊರತೆಗೆಯಲು ಬಾರದು! ಸಾವಿರ ಎರಡು ಸಾವಿರ ರೂಪಾಯಿಯ ವಸ್ತುವಿಗೆ ರಿಪೇರಿಯ ಚಿಂತೆ ಏತಕ್ಕೆ, ಅಡಿಕೆಯ ಧಾರಣೆ ಚೆನ್ನಾಗಿರುವಾಗ ಹೊಸದನ್ನು ಕೊಂಡರಾಯಿತಲ್ಲ ಎಂದು ಸ್ನೇಹಿತರೊಬ್ಬರು ನಕ್ಕರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಸಣ್ಣ ವಸ್ತುಗಳಿಗೆ ದುರಸ್ತಿಯ ಗುಣ ಬೇಕೆ, ಬೇಡವೆ? ಈ ಪ್ರಶ್ನೆಗೆ ಘಟ್ಟದ ಮೇಲಿನ ನಮ್ಮ ಮೂರು ತಾಲೂಕುಗಳ, ಎಂದರೆ ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಬಾಳುವೆಯ ಚರಿತ್ರೆ ಏನು ಉತ್ತರ ಕೊಡುತ್ತದೆ ಎಂಬುದನ್ನು ನೋಡೋಣ.

ಈ ಸೀಮೆಯಲ್ಲಿ ವಸ್ತುಗಳ ಆಯುಷ್ಯವನ್ನು ನಿರ್ಧರಿಸುವುದು ಮಳೆ, ಮಿಂಚು ಮತ್ತು ದೂರ. ಜೂನಿನಿಂದ ಸೆಪ್ಟೆಂಬರಿನವರೆಗೆ ಮನೆಯೊಳಗಿನ ಗಾಳಿಯೂ ಒದ್ದೆ. ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು, ಚರ್ಮಕ್ಕೆ ಬೂಷ್ಟು. ವಿದ್ಯುತ್ತಿನಿಂದ ನಡೆಯುವ ಸಣ್ಣ ಉಪಕರಣಗಳಲ್ಲಿ ಲೋಹಕ್ಕೆ ಲೋಹ ತಾಗುವ ಎಡೆಗಳೇ ಪ್ರಾಣಸ್ಥಾನಗಳು. ಒದ್ದೆ ಗಾಳಿ ಹೊಕ್ಕು ಕಾಡುವುದೂ ಅಲ್ಲಿಯೇ. ಇನ್ನು ಏಪ್ರಿಲ್ ಮೇ ತಿಂಗಳ ಗುಡುಗು ಮಿಂಚು ತಂತಿಯ ಮೂಲಕ ಮನೆಗೆ ನುಗ್ಗಿ, ಗೋಡೆಗೆ ಸಿಕ್ಕಿಸಿದುದನ್ನು ಸುಟ್ಟುಹಾಕುತ್ತದೆ. ಇನ್ನು ದೂರದ ಮಾತು. ನಮ್ಮಲ್ಲಿ ಊರೆಂದರೆ ಒತ್ತೊತ್ತಾಗಿ ನಿಂತ ಮನೆಗಳ ಸಾಲಲ್ಲ. ತೋಟವಿದ್ದಲ್ಲಿ ಮನೆ, ಕಣಿವೆಗೊಂದು ಕೇರಿ. ಕೆಟ್ಟುದನ್ನು ಪೇಟೆಗೆ ಒಯ್ಯುವುದೆಂದರೆ ಒಂದು ದಿನದ ಕೆಲಸ ಕೆಟ್ಟಿತೆಂದೇ ಅರ್ಥ. ಆದ್ದರಿಂದ ಮನೆಯಲ್ಲಿಯೇ ಬಿಚ್ಚಿ, ಒರಸಿ, ಮತ್ತೆ ಕೂಡಿಸಲು ಬರುವ ವಸ್ತುವಿಗೆ ಇಲ್ಲಿ ಮೊದಲಿನಿಂದಲೂ ಮರ್ಯಾದೆ.

ವಿದ್ಯುತ್ತು ಬರುವುದಕ್ಕಿಂತ ಮುಂಚಿನ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಮೊದಲನೆಯದು ಕಲಾಯಿ. ತಾಮ್ರ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯ ಪದಾರ್ಥ ಕಿಲುಬುತ್ತದೆ. ಅದಕ್ಕೆ ಒಳಗೆ ತವರದ ತೆಳುವಾದ ಲೇಪ. ಈ ಲೇಪ ವರ್ಷ ಎರಡು ವರ್ಷಕ್ಕೆ ಸವೆಯುತ್ತದೆ. ಕಲಾಯಿಯವನು ತಿದಿ, ಇದ್ದಿಲು, ನವಸಾಗರ ಹೊತ್ತು ಬಂದು ಅಂಗಳದಲ್ಲಿ ಒಲೆ ಹೂಡಿ, ಕಾದ ಪಾತ್ರೆಗೆ ತವರವನ್ನು ತಿಕ್ಕಿ ಹೋದನೆಂದರೆ ಅಜ್ಜಿಯ ಪಾತ್ರೆ ಮೊಮ್ಮಗಳಿಗೂ ಬಂತು. ಸವೆಯುವುದು ತವರ, ಉಳಿಯುವುದು ಪಾತ್ರೆ.

ಎರಡನೆಯದು ಗ್ಯಾಸ್ ಲೈಟು. ಮದುವೆಯ ಚಪ್ಪರಕ್ಕೆ, ಯಕ್ಷಗಾನದ ರಂಗಸ್ಥಳಕ್ಕೆ ದೊಂದಿಯ ತರುವಾಯ ಬೆಳಕು ಕೊಟ್ಟದ್ದು ಅದು. ಅದರ ಹೃದಯವೆನಿಸಿದ ಮ್ಯಾಂಟಲನ್ನು ಆಸ್ಟ್ರಿಯದ ರಸಾಯನವಿಜ್ಞಾನಿ ಕಾರ್ಲ್ ಆವರ್ 1885ರ ಸುಮಾರಿಗೆ ಕಂಡುಹಿಡಿದನು. ಥೋರಿಯಮ್ ಮತ್ತು ಸೀರಿಯಮ್ ಲವಣಗಳಲ್ಲಿ ಅದ್ದಿದ ಬಟ್ಟೆಯ ಚೀಲ ಮೊದಲ ಉರಿಗೆ ಸುಟ್ಟು ಬೂದಿಯಾಗುತ್ತದೆ. ಆ ಬೂದಿಯ ಬಲೆಯೇ ಮುಂದೆ ಬೆಳ್ಳಗೆ ಜ್ವಲಿಸುವುದು. ಬೆರಳು ತಾಗಿದರೆ ಪುಡಿ. ಮನುಷ್ಯ ಮಾಡಿದ ವಸ್ತುಗಳಲ್ಲಿ ಇದಕ್ಕಿಂತ ಅಲ್ಪಾಯುಷಿ ಇನ್ನೊಂದು ಉಂಟೋ ಇಲ್ಲವೋ! ಆದರೂ ಗ್ಯಾಸ್ ಲೈಟು ಐವತ್ತು ವರ್ಷ ಬಾಳುತ್ತಿತ್ತು. ಮ್ಯಾಂಟಲು ಹೋದರೆ ಹೊಸದನ್ನು ದಾರದಲ್ಲಿ ಕಟ್ಟಿದರಾಯಿತು. ಪಂಪಿನ ಚರ್ಮದ ವಾಷರು ಒಣಗಿದರೆ ಎರಡು ಹನಿ ಎಣ್ಣೆ. ಸೀಮೆಎಣ್ಣೆ ಬರುವ ಸಣ್ಣ ರಂಧ್ರ ಕಟ್ಟಿದರೆ ಪಿನ್ನು. ಗಾಜು ಒಡೆದರೆ ಇನ್ನೊಂದು ಗಾಜು. ಸಾಯುವ ಭಾಗವನ್ನು ಉಳಿಯುವ ಭಾಗದಿಂದ ಬೇರ್ಪಡಿಸಿ ಇಟ್ಟಿದ್ದರು. ಈ ಒಂದು ಸೂತ್ರವನ್ನು ಕೇಳುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಇದೆ.

ಬಳಿಕ ಬಂದದ್ದು ಟಾರ್ಚು. ನಮ್ಮ ಕಡೆ ಅದಕ್ಕೆ ‘ಬ್ಯಾಟರಿ’ ಎಂದೇ ಹೆಸರು. ಒಳಗೆ ಹಾಕುವುದು ‘ಸೆಲ್ಲು’. ಇರುಳಿನಲ್ಲಿ ತೋಟದ ಕಡೆ ಸಪ್ಪಳವಾದರೆ, ಆಟ ನೋಡಿ ಬೆಟ್ಟದ ದಾರಿಯಲ್ಲಿ ಮರಳುವಾಗ, ಕೈಯಲ್ಲಿ ಅದು ಇರಲೇಬೇಕು. ಗಾಜು, ಹೊಳೆಯುವ ಬಟ್ಟಲು, ಬಲ್ಬು, ಗುಂಡಿ, ಸ್ಪ್ರಿಂಗು, ಇವಿಷ್ಟೇ ಅದರ ಸಂಸಾರ. ಎಲ್ಲವೂ ತಿರುಗಿಸಿದರೆ ಕಳಚುವಂಥವು. ಆಗಿನ ಸೆಲ್ಲಿನ ಹೊರಗಿನ ಸತುವಿನ ಕೊಳವೆಯೇ ಅದರ ಒಂದು ಧ್ರುವ. ವಿದ್ಯುತ್ತು ಕೊಡುತ್ತ ಕೊಡುತ್ತ ಅದು ತಾನೇ ಕರಗಿ ತೂತಾಗಿ, ಒಳಗಿನ ರಸ ಸೋರಿ ಸ್ಪ್ರಿಂಗನ್ನು ತಿನ್ನುತ್ತಿತ್ತು. ಬೆಂಕಿಪೆಟ್ಟಿಗೆಯ ಬದಿಗೆ ಸ್ಪ್ರಿಂಗನ್ನು ತಿಕ್ಕಿ, ಸೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ಬೆಳಕು ಹಿಂಡಿದ ನೆನಪು ನನ್ನ ವಯಸ್ಸಿನವರಿಗೆಲ್ಲ ಇದೆ. ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಆ ದಪ್ಪ ಸೆಲ್ಲಿನ ಅಳತೆ ಲೋಕಕ್ಕೆಲ್ಲ ಒಂದೇ. ಟಾರ್ಚಿನಿಂದ ತೆಗೆದು ರೇಡಿಯೋಕ್ಕೆ, ರೇಡಿಯೋದಿಂದ ತೆಗೆದು ಟೇಪ್‌ರೆಕಾರ್ಡರಿಗೆ ಹಾಕಬಹುದಿತ್ತು. ಯಾವ ಹಳ್ಳಿಯ ಅಂಗಡಿಯಲ್ಲಾದರೂ ಅದು ಸಿಗುತ್ತಿತ್ತು. ಬಿಚ್ಚಲು ಬಂದರೆ ಸಾಲದು, ಬಿಚ್ಚಿದ ಮೇಲೆ ಹಾಕಲು ಹೊಸ ಭಾಗ ಸಿಗಬೇಕು. ಅದಕ್ಕೆ ಅಳತೆ ಒಂದಾಗಿರಬೇಕು.

ಈಗ ರೇಡಿಯೋದ ಮಾತು. ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು; ನಾವು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಸಿದ್ದಾಪುರ ತಾಲೂಕಿನ ಅಂಚಿನಲ್ಲಿಯೇ ಇರುವ ಜೋಗದಲ್ಲಿ 1940ರ ದಶಕದ ಕೊನೆಗೆ ವಿದ್ಯುತ್ತು ಹುಟ್ಟತೊಡಗಿದರೂ ನಮ್ಮ ಒಳಹಳ್ಳಿಗಳ ಅನೇಕ ಮನೆಗಳಿಗೆ ಅದು ಬರಲು ದಶಕಗಳೇ ಹಿಡಿದವು. ಹೀಗಾಗಿ ಜಗುಲಿಯ ಮೇಲೆ ಮೊದಲು ಕುಳಿತದ್ದು ಬ್ಯಾಟರಿಯಿಂದ ನಡೆಯುವ ವಾಲ್ವ್ ರೇಡಿಯೋ. ಅದಕ್ಕೆ ಇಟ್ಟಿಗೆಯಂಥ ಒಣಬ್ಯಾಟರಿ ಬೇರೆ, ತೆಂಗಿನ ಮರಕ್ಕೂ ಮಾಡಿಗೂ ನಡುವೆ ಎಳೆದ ಏರಿಯಲ್ ತಂತಿ ಬೇರೆ, ಅಂಚೆಕಚೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ನವೀಕರಿಸಬೇಕಾದ ಲೈಸೆನ್ಸ್ ಪುಸ್ತಕ ಬೇರೆ. ಈ ಲೈಸೆನ್ಸು ರದ್ದಾದದ್ದು 1980ರ ದಶಕದಲ್ಲಿ.

ಆ ವಾಲ್ವುಗಳು ಸುಡುತ್ತಿದ್ದವು, ದಣಿಯುತ್ತಿದ್ದವು. ಆದರೆ ಅವು ಕುಳಿತದ್ದು ಗೂಡಿನಲ್ಲಿ. ಕೈಯಿಂದ ಹಿಡಿದೆಳೆದರೆ ಬಲ್ಬಿನಂತೆ ಹೊರಬರುತ್ತಿದ್ದವು. ಪೆಟ್ಟಿಗೆಯ ಹಿಂದಿನ ಹಲಗೆಯ ಒಳಮೈಗೆ ಎಷ್ಟೋ ಸಲ ಇಡೀ ರೇಡಿಯೋದ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಇದನ್ನು ಮಾಡಿದವನು ಇದನ್ನು ರಿಪೇರಿ ಮಾಡುವ, ತಾನು ಎಂದೂ ಕಾಣದ ಇನ್ನೊಬ್ಬನಿಗೆ ಬರೆದಿಟ್ಟ ಪತ್ರವಲ್ಲವೆ ಅದು? ಶಾಸನದ ‘ಜೀರ್ಣೋದ್ಧಾರ’ದ ಸಾಲಿಗೂ ಅದಕ್ಕೂ ಬಹಳ ಅಂತರವಿಲ್ಲ.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. 1954ರಲ್ಲಿ ಅದನ್ನು ಬಳಸಿದ ಮೊದಲ ರೇಡಿಯೋ ಅಲ್ಲಿನ ಮಾರುಕಟ್ಟೆಗೆ ಬಂತು. 1954ರಲ್ಲಿಯೇ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಮುಂದಿನ ದಶಕದಲ್ಲಿ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ಇಲ್ಲಿಯೇ ತಯಾರಿಸತೊಡಗಿತು. ಟ್ರಾನ್ಸಿಸ್ಟರು ವಾಲ್ವಿನಂತೆ ಬೇಗ ಸಾಯುವುದಿಲ್ಲ. ಆದ್ದರಿಂದ ಅದನ್ನು ಗೂಡಿನಲ್ಲಿ ಕೂಡಿಸದೆ ಹಲಗೆಗೇ ಬೆಸೆದುಬಿಟ್ಟರು. ಮನೆಯ ಯಜಮಾನನ ಕೈಗೆ ಎಟುಕುತ್ತಿದ್ದುದು ಈಗ ಪೇಟೆಯ ಮೆಕ್ಯಾನಿಕನ ಕೈಗೆ ಹೋಯಿತು. ಇದರಲ್ಲಿ ತಪ್ಪೇನೂ ಇರಲಿಲ್ಲ, ಏಕೆಂದರೆ ಸೆಲ್ಲಿನ ಮುಚ್ಚಳ ಮಾತ್ರ ಯಜಮಾನನ ಬೆರಳಿಗೇ ತೆರೆಯುತ್ತಿತ್ತು. ಅಂಚೆಯ ಮೂಲಕ ಪಾಠ ಕಲಿತವರು, ಇನ್ನೊಬ್ಬರ ಅಂಗಡಿಯಲ್ಲಿ ಕುಳಿತು ಕಲಿತವರು ಸಣ್ಣ ಸಣ್ಣ ಪೇಟೆಗಳಲ್ಲಿಯೂ ರೇಡಿಯೋ ಅಂಗಡಿ ಇಟ್ಟರು. ಕಲಾಯಿಯವನ ತವರವೇ ಸೀಸದೊಡನೆ ಬೆರೆತು ಇವರ ಬೆಸುಗೆಯಾಯಿತು ಎಂಬುದು ನನಗೆ ಬಹಳ ಪ್ರಿಯವಾದ ವಿಚಾರ. ಕೆಲಸ ಬದಲಾಯಿತು, ಲೋಹ ಬದಲಾಗಲಿಲ್ಲ.

ಇನ್ನು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಲೋಕಕ್ಕೆ ತೋರಿಸಿತು. ನಮ್ಮ ಮನೆಗಳಿಗೆ ಬಂದದ್ದು ಮುಖ್ಯವಾಗಿ 1980ರ ದಶಕದಲ್ಲಿ. ತಾಳಮದ್ದಲೆಯ ಅರ್ಥಗಾರಿಕೆ, ಭಾಗವತರ ಪದ, ಮದುವೆಯ ಮನೆಯ ಸಂಪ್ರದಾಯದ ಹಾಡುಗಳು, ಅಲ್ಲಿಯವರೆಗೆ ಗಾಳಿಗೆ ಹೋಗುತ್ತಿದ್ದುದೆಲ್ಲ ಕಂದುಬಣ್ಣದ ಪಟ್ಟಿಯ ಮೇಲೆ ನಿಲ್ಲತೊಡಗಿತು. ಈ ಕ್ಯಾಸೆಟ್ಟುಗಳಲ್ಲಿ ಎರಡು ಜಾತಿ. ಒಂದರ ಎರಡು ಹೋಳುಗಳನ್ನು ಐದು ಸಣ್ಣ ಸ್ಕ್ರೂಗಳು ಹಿಡಿದಿರುತ್ತಿದ್ದವು. ಇನ್ನೊಂದರ ಹೋಳುಗಳನ್ನು ಕಾರ್ಖಾನೆಯಲ್ಲಿಯೇ ಕರಗಿಸಿ ಬೆಸೆದಿರುತ್ತಿದ್ದರು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಅಷ್ಟೇ: ಮೂಲೆಗಳಲ್ಲಿ ನಾಲ್ಕು, ನಡುವೆ ಒಂದು ಸ್ಕ್ರೂ ಇದೆಯೋ ಇಲ್ಲವೋ ಎಂಬುದು.

1986ರಲ್ಲಿ ನಮ್ಮ ಅಣ್ಣ ಆಯಿಯನ್ನು ಅಡುಗೆಮನೆಯ ಹೊಸ್ತಿಲ ಬಳಿ ಕುಳ್ಳಿರಿಸಿ ಅವಳ ಹಾಡುಗಳನ್ನು ಎರಡು ಕ್ಯಾಸೆಟ್ಟುಗಳಲ್ಲಿ ತುಂಬಿಸಿದ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಮಗಳನ್ನು ಕಳಿಸಿಕೊಡುವ ಹಾಡು. ನಡುವೆ ಕರುವಿನ ಕೂಗು, ಪಾತ್ರೆಯ ಸದ್ದು. ಆಯಿ ತೀರಿಕೊಂಡ ಮೇಲೆ, ಒಂದು ಮಳೆಗಾಲ ಕಳೆದು ಹೊರತೆಗೆದಾಗ, ಎರಡೂ ಕ್ಯಾಸೆಟ್ಟುಗಳ ಪಟ್ಟಿ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿತ್ತು. ಹಾಕಿ ನೋಡುವ ಅವಸರದಲ್ಲಿ ಎರಡೂ ತುಂಡಾದವು. ಮೊದಲನೆಯದಕ್ಕೆ ಐದು ಸ್ಕ್ರೂ ಇದ್ದವು. ಊರಿನ ಮೆಕ್ಯಾನಿಕ್ ಅದನ್ನು ಬಿಚ್ಚಿ, ಸುರುಳಿಯನ್ನು ಮೆತ್ತಗೆ ಒರಸಿ, ತುಂಡಾದ ತುದಿಗಳನ್ನು ಓರೆಯಾಗಿ ಕತ್ತರಿಸಿ, ಹಿಂಬದಿಯಿಂದ ಅಂಟುಪಟ್ಟಿ ಹಚ್ಚಿ ಕೂಡಿಸಿದ. ಪಟ್ಟಿಯನ್ನು ಒತ್ತಿಹಿಡಿಯುವ ಸಣ್ಣ ಬಟ್ಟೆಯ ತುಣುಕು ಉದುರಿಹೋಗಿತ್ತು. ಅದನ್ನು ಬೇರೊಂದು ಹಳೆಯ ಕ್ಯಾಸೆಟ್ಟಿನಿಂದ ತೆಗೆದು ಇಟ್ಟ. ಆಯಿ ಹಾಡಿದಳು, ಒಂದು ಚರಣದ ಅರ್ಧ ಮಾತ್ರ ಇಲ್ಲ. ಎರಡನೆಯ ಕ್ಯಾಸೆಟ್ಟು ಬೆಸೆದ ಜಾತಿಯದು. ಚಾಕು ಹಾಕಿ ಎಬ್ಬಿಸುವಾಗ ಪ್ಲಾಸ್ಟಿಕ್ಕು ಸೀಳಿ ಪಟ್ಟಿ ಹಲವು ಕಡೆ ಹರಿಯಿತು. ಅದರಲ್ಲಿದ್ದ ಹಾಡುಗಳು ಹೋದವು. ಅವನ್ನು ಬಲ್ಲವರು ನಮ್ಮ ಮನೆಯಲ್ಲಿ ಇನ್ನು ಯಾರೂ ಇಲ್ಲ.

ಕೊಳ್ಳುವಾಗ ಎರಡು ಕ್ಯಾಸೆಟ್ಟುಗಳ ಬೆಲೆಯಲ್ಲಿ ಇದ್ದ ಅಂತರ ಒಂದೆರಡು ರೂಪಾಯಿ. ನನ್ನ ಸ್ನೇಹಿತರ ಪ್ರಶ್ನೆಗೆ ಇದು ಮೊದಲನೆಯ ಉತ್ತರ. ಸಣ್ಣ ವಸ್ತುವಿನ ಬೆಲೆ ಅದರ ರಸೀದಿಯಲ್ಲಿ ಬರೆದಷ್ಟೇ ಇರುವುದಿಲ್ಲ. ಅದರ ಮೂಲಕ ಏನು ಹಾದುಹೋಗುತ್ತದೆ, ಅದರಲ್ಲಿ ಏನು ಉಳಿದಿದೆ ಎಂಬುದೂ ಅದರ ಬೆಲೆಯೇ.

ಮೊಬೈಲು ಫೋನಿನ ಮೊದಲ ಕಾಲದವರೆಗೂ ಹಳೆಯ ಸೂತ್ರ ಬಹುಮಟ್ಟಿಗೆ ನಡೆಯಿತು. ಫೋನಿನ ಬೆನ್ನನ್ನು ಉಗುರಿನಿಂದ ಎಬ್ಬಿಸಿದರೆ ಬ್ಯಾಟರಿ ಹೊರಬರುತ್ತಿತ್ತು. ನೋಕಿಯಾದ ಬಿಎಲ್-5ಸಿ ಎಂಬ ಬ್ಯಾಟರಿ ಎಷ್ಟು ಸಾಮಾನ್ಯವಾಯಿತೆಂದರೆ, ಜಾತ್ರೆಯಲ್ಲಿ ಮಾರುವ ಸಣ್ಣ ಎಫ್‌ಎಂ ರೇಡಿಯೋಗಳನ್ನೂ ಸ್ಪೀಕರುಗಳನ್ನೂ ಅದೇ ಅಳತೆಗೆ ಮಾಡಿದರು. ಹಳೆಯ ದಪ್ಪ ಸೆಲ್ಲಿನ ಸ್ಥಾನ ಅದಕ್ಕೆ ಸಂದಿತು. ತಂತಿಯ ಇಯರ್‌ಫೋನು ಕೆಡುತ್ತಿದ್ದುದು ಪಿನ್ನಿನ ಕುತ್ತಿಗೆಯಲ್ಲಿ, ತಂತಿ ಬಾಗಿ ಬಾಗಿ ಒಳಗೇ ಹರಿದು. ಅಷ್ಟನ್ನು ಕತ್ತರಿಸಿ, ಕೂದಲೆಳೆಯಂಥ ತಾಮ್ರದ ಎಳೆಗಳ ಮೇಲಿನ ಅರಗನ್ನು ಬಿಸಿಯಿಂದ ಸುಟ್ಟು, ಹೊಸ ಪಿನ್ನು ಬೆಸೆದರೆ ಅದು ಮತ್ತೆ ನುಡಿಯುತ್ತಿತ್ತು. ಎಲ್ಲವೂ ಹಿಂದೆ ಚೆನ್ನಾಗಿತ್ತು, ಈಗ ಕೆಟ್ಟಿತು ಎಂದು ನಾನು ಹೇಳುತ್ತಿಲ್ಲ. ಹಿಂದಿನ ಫೋನ್ ಚಾರ್ಜರುಗಳಲ್ಲಿ ತಂತಿ ಡಬ್ಬಿಗೇ ಅಂಟಿರುತ್ತಿತ್ತು; ತಂತಿ ಹರಿದರೆ ಚಾರ್ಜರೇ ಹೋಯಿತು. ಈಗ ಡಬ್ಬಿ ಬೇರೆ, ತಂತಿ ಬೇರೆ. ಬೇಗ ಹರಿಯುವುದು ತಂತಿ, ಅದನ್ನಷ್ಟೇ ಬದಲಿಸಬಹುದು. ಗ್ಯಾಸ್ ಲೈಟಿನ ವಿವೇಕ ಇಲ್ಲಿ ಮರಳಿ ಬಂದಿದೆ.

ಆ ವಿವೇಕ ಪೂರ್ಣವಾಗಿ ಕೈಬಿಟ್ಟಿರುವುದು ತಂತಿಯಿಲ್ಲದ ಇಯರ್‌ಫೋನಿನಲ್ಲಿ. ಅದರೊಳಗಿರುವುದು ಲಿಥಿಯಂ-ಅಯಾನ್ ಸೆಲ್ಲು. 1991ರಲ್ಲಿ ಜಪಾನಿನ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಬಗೆಯದು. ಈ ಸೆಲ್ಲು ಕೆಲವು ನೂರು ಸಲ ತುಂಬಿ ಬರಿದಾದ ಮೇಲೆ ದಣಿಯುತ್ತದೆ. ಇದು ದೋಷವಲ್ಲ, ಅದರ ರಸಾಯನದ ಸ್ವಭಾವ. ಸತುವಿನ ಸೆಲ್ಲು ಕರಗಿದಂತೆಯೇ. ಕಿವಿಯೊಳಗೆ ಕೂರುವಷ್ಟು ಚಿಕ್ಕ ಸೆಲ್ಲನ್ನು ದಿನಕ್ಕೆ ಎರಡು ಮೂರು ಸಲ ತುಂಬಬೇಕಾಗುವುದರಿಂದ ದಣಿವೂ ಬೇಗ. ಎಡಕ್ಕೊಂದು, ಬಲಕ್ಕೊಂದು, ಇಡುವ ಡಬ್ಬಿಗೊಂದು ಎಂದು ಮೂರು ಕಡೆ ಸೆಲ್ಲುಗಳು. ಯಾವುದೊಂದು ಸತ್ತರೂ ಜೋಡಿ ಅಪೂರ್ಣ. ಮಾಡಿದವರಿಗೆ ಇದು ತಿಳಿಯದ ಸಂಗತಿಯಲ್ಲ. ಎಲ್ಲಕ್ಕಿಂತ ಮೊದಲು ಸಾಯುವ ಭಾಗ ಯಾವುದೆಂದು ಖಚಿತವಾಗಿ ಗೊತ್ತಿದ್ದೂ ಅದನ್ನೇ ಎಲ್ಲಕ್ಕಿಂತ ಆಳದಲ್ಲಿಟ್ಟು ಅಂಟು ಹಾಕಿ ಮುಚ್ಚಿದ್ದಾರೆ.

ಅದಕ್ಕೆ ಅವರು ಕೊಡುವ ಕಾರಣಗಳನ್ನು ನ್ಯಾಯವಾಗಿ ಕೇಳಬೇಕು. ವಸ್ತು ಚಿಕ್ಕದಾಗಬೇಕಾದರೆ ಮುಚ್ಚಳ, ಸ್ಕ್ರೂಗಳಿಗೆ ಜಾಗವಿಲ್ಲ ಎನ್ನುತ್ತಾರೆ. ಬೆವರು, ಮಳೆ ಒಳಗೆ ಹೋಗಬಾರದು ಎನ್ನುತ್ತಾರೆ. ಲಿಥಿಯಂ ಸೆಲ್ಲನ್ನು ಚುಚ್ಚಿದರೆ ಬೆಂಕಿ ಹತ್ತೀತು ಎನ್ನುತ್ತಾರೆ. ರಿಪೇರಿಯ ಕೂಲಿ ಹೊಸದರ ಬೆಲೆಯನ್ನು ಮೀರುತ್ತದೆ ಎನ್ನುತ್ತಾರೆ. ಮೂರನೆಯ ಮಾತು ಸುಳ್ಳಲ್ಲ. ಗೋಡೆಯ ವಿದ್ಯುತ್ತಿಗೆ ಸಿಕ್ಕಿಸುವ ಚಾರ್ಜರನ್ನು ತಿಳಿಯದವರು ಬಿಚ್ಚಬಾರದೆಂಬುದನ್ನೂ ನಾನು ಒಪ್ಪುತ್ತೇನೆ. ಆದರೆ ಮೊದಲ ಎರಡು ಮಾತುಗಳಿಗೆ ಉತ್ತರ ನಮ್ಮ ಅಣ್ಣನ ಕಿವಿಯಲ್ಲಿದೆ.

ಸಿದ್ದಾಪುರ ತಾಲೂಕಿನ ಹಳ್ಳಿಯೊಂದರಲ್ಲಿರುವ ಅಣ್ಣನಿಗೆ ಎಪ್ಪತ್ತು ದಾಟಿದೆ. ಕೆಲವು ವರ್ಷಗಳಿಂದ ಶ್ರವಣಯಂತ್ರ ಬೇಕಾಗಿದೆ. ಅದು ನನ್ನ ಇಯರ್‌ಫೋನಿಗಿಂತ ದೊಡ್ಡದಲ್ಲ. ಆದರೂ ಅದಕ್ಕೊಂದು ಪುಟ್ಟ ಬಾಗಿಲಿದೆ. ಉಗುರು ಸೋಕಿಸಿದರೆ ಬಾಗಿಲು ತೆರೆಯುತ್ತದೆ; ಮಸೂರ ಬೇಳೆಯಷ್ಟು ಸಣ್ಣ ಸೆಲ್ಲು ಹೊರಬರುತ್ತದೆ. ಹೊಸ ಸೆಲ್ಲಿನ ಮೇಲಿನ ಚೀಟಿಯನ್ನು ಕಿತ್ತರೆ ಸೂಕ್ಷ್ಮ ರಂಧ್ರದಿಂದ ಗಾಳಿ ಹೊಕ್ಕು ಅದರೊಳಗಿನ ಸತುವಿಗೆ ಜೀವ ಬರುತ್ತದೆ. ವಾರಕ್ಕೊಮ್ಮೆ ಹೆಚ್ಚುಕಡಿಮೆ ಈ ಕೆಲಸ. ಈ ಸೆಲ್ಲಿಗೆ ಲೋಕಕ್ಕೆಲ್ಲ ಒಂದೇ ಅಳತೆ. ಕಂದು ಬಣ್ಣದ ಚೀಟಿಯದೆಂದರೆ 312 ಎಂಬ ಸಂಖ್ಯೆಯದು. ಕಿವಿ ಕೇಳದವನ ಯಂತ್ರ ವಾರಕ್ಕೊಮ್ಮೆ ಕಾರ್ಖಾನೆಗೆ ಹೋಗುವಂತಿಲ್ಲ ಎಂದು ನಿಶ್ಚಯಿಸಿದ್ದರಿಂದ ಇಷ್ಟು ಚಿಕ್ಕದರಲ್ಲಿಯೂ ಬಾಗಿಲಿಗೆ ಜಾಗ ದೊರೆಯಿತು. ಇನ್ನು ನೀರಿನ ಮಾತು. ಕೈಗಡಿಯಾರದ ಬೆನ್ನಿನ ಮುಚ್ಚಳಕ್ಕೆ ರಬ್ಬರಿನ ಬಳೆಯಿಟ್ಟು ನೀರನ್ನು ತಡೆಯುವುದು ಬಹಳ ಹಿಂದೆಯೇ ಸಾಧ್ಯವಾಗಿದೆ; ಆ ಮುಚ್ಚಳವನ್ನು ತೆಗೆದು ಸೆಲ್ಲು ಬದಲಿಸುವವರು ನಮ್ಮ ಪೇಟೆಗಳಲ್ಲಿ ಈಗಲೂ ಇದ್ದಾರೆ. ಶ್ರವಣಯಂತ್ರಗಳಲ್ಲಿಯೂ ಸೆಲ್ಲನ್ನು ಒಳಗೇ ಮುಚ್ಚಿಟ್ಟ ಬಗೆ ಈಚೆಗೆ ಬಂದಿದೆಯೆಂದು ಕೇಳಿ ನನಗೆ ದಿಗಿಲಾಯಿತು.

ಕೂಲಿಯ ಪ್ರಶ್ನೆಗೂ ಒಂದು ಮಾತು ಹೇಳಬೇಕು. ಬಾಗಿಲಿದ್ದಲ್ಲಿ ಕೂಲಿಯೇ ಇಲ್ಲ. ಅಣ್ಣ ಸೆಲ್ಲು ಬದಲಿಸಲು ಯಾರಿಗೂ ಹಣ ಕೊಡುವುದಿಲ್ಲ. ಮೊದಲು ಅಂಟು ಹಾಕಿ ಮುಚ್ಚಿ, ಆಮೇಲೆ ತೆರೆಯುವುದು ದುಬಾರಿ ಎಂದರೆ ಅದು ವಸ್ತುವಿನ ಗುಣವಲ್ಲ, ಮುಚ್ಚಿದವರ ಆಯ್ಕೆ.

ಲೋಕದಲ್ಲಿ ಈ ಆಯ್ಕೆಯನ್ನು ಪ್ರಶ್ನಿಸುವ ಕಾಲ ಬಂದಿದೆ. ಫ್ರಾನ್ಸ್ ದೇಶ 2021ರ ಜನವರಿಯಿಂದ ಮೊಬೈಲು ಮೊದಲಾದ ಕೆಲವು ವಸ್ತುಗಳ ಮೇಲೆ ‘ಇದು ಎಷ್ಟು ದುರಸ್ತಿಗೆ ಬರುತ್ತದೆ’ ಎಂಬ ಅಂಕವನ್ನು ಬರೆಯಬೇಕೆಂದು ವಿಧಿಸಿತು. ಐರೋಪ್ಯ ಒಕ್ಕೂಟ 2024ರ ಡಿಸೆಂಬರಿನಿಂದ ಸಣ್ಣ ಉಪಕರಣಗಳಿಗೆ ಒಂದೇ ಬಗೆಯ ಚಾರ್ಜಿಂಗ್ ಬಾಯಿ ಇರಬೇಕೆಂದಿತು. ಅದರ 2023ರ ಬ್ಯಾಟರಿ ಕಾನೂನು, 2027ರ ಫೆಬ್ರುವರಿಯಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೈಯಲ್ಲಿ ಒಯ್ಯುವ ಉಪಕರಣಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಬದಲಿಸುವಂತಿರಬೇಕೆಂದು ಹೇಳುತ್ತದೆ. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಒಂದು ಸಮಿತಿಯನ್ನು ನೇಮಿಸಿತು. ಕೃಷಿ ಉಪಕರಣ, ಮೊಬೈಲು ಮತ್ತು ಎಲೆಕ್ಟ್ರಾನಿಕ್ ವಸ್ತು, ಮನೆಬಳಕೆಯ ಯಂತ್ರ, ವಾಹನ ಈ ನಾಲ್ಕು ಕ್ಷೇತ್ರಗಳು ಅದರ ಎಣಿಕೆಯಲ್ಲಿದ್ದವು. ವಿದ್ಯುನ್ಮಾನ ಕಸದ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ಹೊಸ ನಿಯಮಗಳು 2023ರ ಏಪ್ರಿಲಿನಿಂದ ಜಾರಿಯಲ್ಲಿವೆ. ಇವೆಲ್ಲ ಸ್ವಾಗತಾರ್ಹ. ಆದರೆ ಕಣಿವೆಯ ಮನೆಯಿಂದ ಆ ಕಸ ನಿಯಮ ಹೇಳಿದ ಸ್ಥಳಕ್ಕೆ ತಲುಪುವುದು ಕಷ್ಟ. ಹೆಚ್ಚಿನದು ಬೇಣದ ಅಂಚಿಗೋ ತರಗೆಲೆಯ ಬೆಂಕಿಗೋ ಹೋಗುತ್ತದೆ. ಅಘನಾಶಿನಿಯ ಒಂದು ಮೂಲ ಸಿರ್ಸಿ ಪೇಟೆಯ ಶಂಕರಹೊಂಡ. ಬೇಡ್ತಿ ಯಲ್ಲಾಪುರದ ಕಾಡನ್ನು ಹಾದು ಗಂಗಾವಳಿಯಾಗಿ ಕಡಲಿಗೆ ಇಳಿಯುತ್ತದೆ. ನಾವು ಮೇಲೆ ಎಸೆದುದು ಕೆಳಗಿನವರ ನೀರಿಗೆ ಹೋಗುತ್ತದೆ ಎಂಬುದನ್ನು ಮರೆಯಲಾಗದು. ರಿಪೇರಿಯಿಂದ ಕಸ ಇಲ್ಲವಾಗದು. ಆದರೆ ಒಂದು ಸೆಲ್ಲಿನ ಕಸಕ್ಕೂ ಇಡೀ ಉಪಕರಣದ ಕಸಕ್ಕೂ ವ್ಯತ್ಯಾಸವಿದೆ.

ಹಾಗಾದರೆ ಎಲ್ಲ ವಸ್ತುಗಳೂ ಪೂರ್ತಿಯಾಗಿ ಬಿಚ್ಚಿ ಕೂಡಿಸುವಂತಿರಬೇಕೆ? ಹಾಗೆ ನಾನು ಕೇಳುವುದಿಲ್ಲ. ಟ್ರಾನ್ಸಿಸ್ಟರು ಬೆಸೆದೇ ಇರಲಿ. ಅದು ನಮ್ಮೆಲ್ಲರಿಗಿಂತ ಹೆಚ್ಚು ಬಾಳೀತು. ಮೊದಲು ಸಾಯುವುದೆಂದು ತಿಳಿದಿರುವ ಭಾಗ ಮಾತ್ರ ಬೇರೆಯಾಗಿರಲಿ, ಮನೆಯವರ ಕೈಗೆ ಎಟುಕಲಿ, ಎಲ್ಲ ಕಡೆಯೂ ಒಂದೇ ಅಳತೆಯಲ್ಲಿ ಸಿಗಲಿ. ಕಲಾಯಿ, ಮ್ಯಾಂಟಲು, ದಪ್ಪ ಸೆಲ್ಲು, ಐದು ಸ್ಕ್ರೂಗಳ ಕ್ಯಾಸೆಟ್ಟು, ಇವು ನಮಗೆ ಕಲಿಸಿದ ಪಾಠ ಇಷ್ಟೇ.

ಅಡಿಕೆ ತೋಟವುಳ್ಳವರಿಗೆ ಈ ಪಾಠ ಹೊಸದಲ್ಲ. ತೋಟದಲ್ಲಿ ಯಾವ ಮರವೂ ಶಾಶ್ವತವಲ್ಲ. ಮುದಿಯಾದ ಮರದ ಬುಡದಲ್ಲಿ ಸಸಿ ನೆಟ್ಟಿರುತ್ತಾರೆ. ಮರ ಬೀಳುವ ಹೊತ್ತಿಗೆ ಸಸಿ ಮೇಲೆದ್ದಿರುತ್ತದೆ. ಅಜ್ಜ ನೆಟ್ಟ ಮರಗಳಲ್ಲಿ ಒಂದೂ ಈಗ ನಿಂತಿರಲಿಕ್ಕಿಲ್ಲ. ಆದರೂ ಅದು ಅಜ್ಜನ ತೋಟವೇ.

ಮೊದಲನೆಯ ಕ್ಯಾಸೆಟ್ಟಿನ ಹಾಡುಗಳನ್ನು ಮುಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಂಪ್ಯೂಟರಿಗೆ ಇಳಿಸಿಕೊಟ್ಟರು. ಈಗ ಅವು ನನ್ನ ಫೋನಿನಲ್ಲಿವೆ. ಮನೆಯವರ ನಿದ್ದೆ ಕೆಡಿಸದೆ ಇರುಳು ಅವನ್ನು ಕೇಳಲೆಂದೇ ನಾನು ಆ ಇಯರ್‌ಫೋನುಗಳನ್ನು ಕೊಂಡಿದ್ದು. ಬಲಗಡೆಯದು ಸತ್ತಿದೆ, ಎಡಗಡೆಯದು ಹತ್ತು ನಿಮಿಷ ನುಡಿಯುತ್ತದೆ. ಐದು ಸ್ಕ್ರೂಗಳಿಂದ ಬದುಕಿ ಬಂದ ಧ್ವನಿ, ಒಂದೂ ಸ್ಕ್ರೂ ಇಲ್ಲದ ವಸ್ತುವಿನೊಳಗೆ ಬಂದು ಅರ್ಧಕ್ಕೆ ನಿಲ್ಲುತ್ತದೆ. ಈಚೆಗೆ ನಾನು ತಂತಿಯದೊಂದನ್ನು ಕೊಂಡು ತಂದೆ. ಕೊಳ್ಳುವ ಮೊದಲು ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಿದೆ: “ಇದರಲ್ಲಿ ಮೊದಲು ಹಾಳಾಗುವುದು ಯಾವುದು? ಅದನ್ನು ಬದಲಿಸಲು ಬರುತ್ತದೆಯೆ?” ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಎಲ್ಲರೂ ಕೇಳತೊಡಗಿದರೆ ಆ ಪ್ರಶ್ನೆ ವಿಚಿತ್ರವಾಗಿ ಉಳಿಯಲಾರದು.